ಬರುವವರೆಗಿನ ಸಹಿ

ನನ್ನ ಪುಸ್ತಕ ಒಂಬತ್ತು ವರ್ಷ ಬಾಯಿ ಬಿಡಲಿಲ್ಲ. ಹೇಳಿಕೊಳ್ಳಲು ನಾಚಿಕೆಯೇ, ಆದರೆ ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮೂರಲ್ಲಿ ಅದು ಗೊತ್ತಿಲ್ಲದವರೇ ಇರಲಿಲ್ಲ. ತರಕಾರಿ ಮಾರುವವಳು ಕೂಡ ಬೆಂಡೆಕಾಯಿ ತೂಗುತ್ತಾ, "ಏನ್ ಮೇಡಂ, ನಿಮ್ದು ಇನ್ನೂ ತೆರೀಲಿಲ್ವಾ?" ಎಂದು ಕೇಳುತ್ತಿದ್ದಳು. ನಮ್ಮ ಕಾನೂನು ಕಾಲೇಜಿನಲ್ಲಿ ಬರೆದ ಪ್ರಬಂಧ ಯಾವುದೇ ಇರಲಿ, ಬೈಂಡಿಂಗ್ ಆಗಿ ಬೆನ್ನಿನ ಅಂಟು ಒಣಗಿತೆಂದರೆ ಮುಚ್ಚಿಕೊಂಡುಬಿಡುತ್ತದೆ. ಬರೆದವರು ಎಳೆದರೂ ತೆರೆಯದು, ಪ್ರಿನ್ಸಿಪಾಲರು ಎಳೆದರೂ ತೆರೆಯದು. ಯಾರ ಕಷ್ಟಕ್ಕೆ ಅದು ಬೇಕೋ ಅವರ ಕೈಗೆ ಬಂದಾಗ ತಾನಾಗಿ ಬಿಚ್ಚಿಕೊಳ್ಳುತ್ತದೆ, ಅವರ ಕೈಯಲ್ಲಿ ಇರುವಷ್ಟು ಹೊತ್ತು ಮಾತ್ರ. ಹಾಗೆಂದು ಬಿಡಿ ಹಾಳೆಗಳಲ್ಲೇ ಇಟ್ಟುಕೊಳ್ಳೋಣವೆಂದರೆ, ಬೈಂಡ್ ಆಗದ ಕಾಗದವನ್ನು ನಮ್ಮೂರಿನ ಯಾವ ಕಚೇರಿಯೂ ಮೂಸಿ ನೋಡುವುದಿಲ್ಲ.

ಊರಿನವರು ಇದಕ್ಕೆ ಒಗ್ಗಿಹೋಗಿದ್ದರು. ಪ್ರತಿ ಗುರುವಾರ ಕಾಲೇಜಿನ ಲೈಬ್ರರಿಯನ್ನು ಎಲ್ಲರಿಗೂ ತೆರೆದಿಡುತ್ತಿದ್ದೆವು. ಬೆಳಗ್ಗೆಯಿಂದಲೇ ಜನ ಸಾಲು ನಿಂತು ಒಬ್ಬೊಬ್ಬರಾಗಿ ಒಳಗೆ ಬಂದು ಕಪಾಟಿನ ಪುಸ್ತಕಗಳ ಮೇಲೆ ಕೈಯಾಡಿಸುತ್ತಾ ಹೋಗುತ್ತಿದ್ದರು. ಗ್ರಂಥಪಾಲಕ ಹನೀಫ್ ಸಾಹೇಬರು ಹಿಂದೆಯೇ ನಡೆಯುತ್ತಾ, "ನಿಧಾನ, ನಿಧಾನ, ಕೆಳಗಿನ ಸಾಲೂ ನೋಡಿ" ಅನ್ನುತ್ತಿದ್ದರು. ಎಲ್ಲೋ ಒಂದು ಕಡೆ ಪಟ್ ಎಂದು ಸದ್ದಾಗಿ ಪುಸ್ತಕ ತೆರೆದರೆ ಮೇಲಿನ ಕೊಠಡಿಯಲ್ಲಿ ಪಾಠ ಮಾಡುತ್ತಿದ್ದ ನಾವೆಲ್ಲ ಮಾತು ನಿಲ್ಲಿಸಿ ಕಿವಿ ನಿಮಿರಿಸುತ್ತಿದ್ದೆವು. ಯಾರದಿರಬಹುದು? ನನ್ನ ವಿದ್ಯಾರ್ಥಿನಿ ಗುಲ್ನಾಜ್ ಚರಂಡಿಗೆ ಇಳಿಯುವವರ ಬಗ್ಗೆ ಬರೆದ ಪುಸ್ತಕ ಎಷ್ಟು ಸಲ ತೆರೆಯಿತೆಂದರೆ ಮೂರು ಸಲ ಬೈಂಡಿಂಗ್ ಬದಲಿಸಬೇಕಾಯಿತು. ಅವಳು ಮಾತ್ರ ಒಮ್ಮೆಯೂ ಸಿಹಿ ಹಂಚಲಿಲ್ಲ. ನನಗೆ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ. ಹೋಲಿಸಿ ಸಮಾಧಾನ ಪಟ್ಟುಕೊಳ್ಳಲು ನನಗಿದ್ದವರು ವಾಮನರಾಯರು ಒಬ್ಬರೇ. ಅವರ ಪ್ರಬಂಧ ಹಡಗುಗಳ ಡಿಕ್ಕಿಗೆ ಸಂಬಂಧಿಸಿದ ಕಾನೂನು, ನಮ್ಮೂರಿನಿಂದ ಸಮುದ್ರ ಎರಡು ದಿನದ ದಾರಿ. ಪಾಪ, ಸಂಜೆ ಹೊತ್ತು ಬಸ್ ನಿಲ್ದಾಣದಲ್ಲಿ ಕೂತು ಇಳಿಯುವವರಲ್ಲಿ ನಾವಿಕರು ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದರು.

ನನ್ನ ವಿಷಯಕ್ಕೆ ಸಮುದ್ರ ಬೇಕಿರಲಿಲ್ಲ. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ತಿಳಿಯಬಹುದು ಎನ್ನುತ್ತದೆ ಕಾನೂನು. ಸರಿ, ಯಾವ ದಿನ ಸತ್ತನೆಂದು ತಿಳಿಯಬೇಕು? ಕಾಣೆಯಾದ ದಿನವೇ, ಏಳು ವರ್ಷ ತುಂಬಿದ ದಿನವೇ, ಅರ್ಜಿ ಹಾಕಿದ ದಿನವೇ? ಇದರ ಮೇಲೆ ನಾನೂರ ಹನ್ನೆರಡು ಪುಟ ಬರೆದಿದ್ದೆ. ಆರು ವರ್ಷದ ದುಡಿಮೆ. ಕನ್ನಡಕದ ನಂಬರು ಎರಡು ಸಲ ಏರಿತ್ತು. ಬೈಂಡಿಂಗಿಗೆ ಕೊಟ್ಟ ದಿನ ಕೊನೆಯ ಪುಟವನ್ನು ಮಗುವಿನ ತಲೆ ಸವರಿದ ಹಾಗೆ ಸವರಿ ಕಳಿಸಿದ್ದೆ. ಆಮೇಲೆ ಅದರ ಒಂದು ಅಕ್ಷರವನ್ನೂ ನಾನು ನೋಡಲಿಲ್ಲ. ಎಂಥ ಆಸೆ ಅದು, ನಿಮಗೆ ಹೇಗೆ ಹೇಳಲಿ! ನಾನೇ ಬರೆದದ್ದು, ಕಪಾಟಿನಲ್ಲಿ ಕಣ್ಣೆದುರಿಗೇ ಇದೆ, ಆದರೆ ಒಳಗೆ ಇಣುಕುವ ಹಾಗಿಲ್ಲ. ಯಾರಾದರೂ ಒಬ್ಬರು, ಒಂದೇ ಒಂದು ಸಲ ತೆರೆದರೆ ಸಾಕು ಎಂದು ಹರಕೆ ಹೊತ್ತಿದ್ದೆ.

ಹರಕೆ ಮಾತ್ರವಲ್ಲ, ಇನ್ನೊಂದನ್ನೂ ಮಾಡಿದೆ. ಬೆಳಗ್ಗೆ ಪತ್ರಿಕೆ ಬಂದ ಕೂಡಲೇ ಮೂರನೆಯ ಪುಟ ತೆಗೆದು 'ಕಾಣೆಯಾಗಿದ್ದಾರೆ' ಪ್ರಕಟಣೆ ಹುಡುಕುತ್ತಿದ್ದೆ. ವಿಳಾಸ ಬರೆದುಕೊಂಡು, ಹಣ್ಣು ಕಟ್ಟಿಸಿಕೊಂಡು, ಚೀಲದಲ್ಲಿ ಪುಸ್ತಕವಿಟ್ಟುಕೊಂಡು ಅವರ ಮನೆಗೆ ಹೋಗುತ್ತಿದ್ದೆ. ಸಮಾಧಾನದ ನಾಲ್ಕು ಮಾತಾಡಿ, ಮೆಲ್ಲಗೆ "ಸ್ವಲ್ಪ ಇದನ್ನ ಹಿಡ್ಕೋತೀರಾ?" ಅನ್ನುತ್ತಿದ್ದೆ. ಒಂದು ಸಲ ಪೇಟೆಬೀದಿಯಲ್ಲಿ ಒಬ್ಬ ಮುದುಕರು ತಮ್ಮ ಕಾಣೆಯಾಗಿದ್ದಾನೆಂದು ಅಳುತ್ತಿದ್ದರು. ಮಾರನೆಯ ದಿನವೇ ಆ ತಮ್ಮ ಮನೆಗೆ ಬಂದ. ಇಡೀ ಬೀದಿಯೇ ಸಂತೋಷಪಟ್ಟಿತು. ನಾನು ಮಾತ್ರ ಮುಖ ಊದಿಸಿಕೊಂಡು ಮನೆಗೆ ಬಂದೆ. ಥೂ, ಎಂಥ ಹೆಂಗಸು ನಾನು ಎಂದು ಆಗ ಅನ್ನಿಸಿತ್ತು, ಆದರೂ ಮೂರನೆಯ ಪುಟ ನೋಡುವುದನ್ನು ಬಿಡಲಿಲ್ಲ.

ಹತ್ತನೆಯ ವರ್ಷದ ಒಂದು ಗುರುವಾರ ನಾನು ಪಾಠ ಮಾಡುತ್ತಿದ್ದಾಗ ಹನೀಫ್ ಸಾಹೇಬರು ತಾವೇ ಮೆಟ್ಟಿಲು ಹತ್ತಿಕೊಂಡು ಬಂದರು. "ಕಾತ್ಯಾಯಿನಿ ಮೇಡಂ, ಬೇಗ ಬನ್ನಿ. ಏಳು ವರ್ಷದಿಂದ ಕಾಯ್ತಿರೋರು ಬಂದಿದಾರೆ." ಕೈಯಲ್ಲಿದ್ದ ಸೀಮೆಸುಣ್ಣವನ್ನೂ ಇಡದೆ ಇಳಿದು ಓಡಿದೆ.

ಬಂದವಳು ಮೂವತ್ತೈದರ ಹೆಂಗಸು, ಜಯಶೀಲ. ಬೆರಳ ತುದಿಗಳು ಕಪ್ಪಾಗಿದ್ದವು, ಸೀರೆಯಿಂದ ವಾರ್ನಿಷ್ ವಾಸನೆ ಬರುತ್ತಿತ್ತು. ಪುರಸಭೆಯ ಮಳಿಗೆ ಸಾಲಿನಲ್ಲಿ ಆರನೆಯದು ಅವಳ ಗಂಡ ಪರಮೇಶಿಯ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿನ ತಂತಿ ಕಿತ್ತು ಹೊಸ ತಂತಿ ಸುತ್ತುವ ಕೆಲಸ. ಏಳು ವರ್ಷ ಒಂದು ತಿಂಗಳ ಹಿಂದೆ ಪರಮೇಶಿ ಒಂದು ಹಳ್ಳಿಗೆ ಮೋಟಾರ್ ಕೂರಿಸಲು ಹೋದ. "ಮೋಟಾರ್ ನೀರೆತ್ತಿತಂತೆ. ಊಟ ಮಾಡ್ಕೊಂಡು ಹೊರಟ್ರಂತೆ. ಅಷ್ಟೇ ಮೇಡಂ, ಮನೆಗೆ ಬರ್ಲಿಲ್ಲ," ಎಂದಳು. ಏಳು ವರ್ಷ, ಸುದ್ದಿಯಿಲ್ಲ, ಹೆಂಡತಿ. ನನ್ನ ಮೊದಲ ಅಧ್ಯಾಯದ ಮೊದಲ ಪುಟವೇ ಎದ್ದು ಬಂದು ನಿಂತಿದ್ದ ಹಾಗಿತ್ತು. ಪುಸ್ತಕ ತೆಗೆದು ಅವಳ ಕೈಗಿಟ್ಟೆ.

ತೆರೆಯಲಿಲ್ಲ. ಕೈ ಒರೆಸಿಕೊಳ್ಳಲು ಹೇಳಿದೆ. ಮಂಡಿಯ ಮೇಲಿಟ್ಟುಕೊಳ್ಳಲು ಹೇಳಿದೆ. "ಎಡಗೈಯಲ್ಲಿ ಹಿಡಿ ನೋಡೋಣ. ಗಂಡನ್ನ ನೆನೆಸ್ಕೊ," ಎಂದೆ. ಹನೀಫ್ ಸಾಹೇಬರು, "ಮೇಡಂ, ಸಾಕು ಬಿಡಿ," ಎಂದರೂ ಕೇಳಲಿಲ್ಲ. ಕೊನೆಗೆ ಅವಳೇ ಪುಸ್ತಕವನ್ನು ಮೇಜಿನ ಮೇಲಿಟ್ಟು, "ಇದ್ರಲ್ಲಿ ಏನು ಬರ್ದಿದೀರಾ ಮೇಡಂ?" ಎಂದು ಕೇಳಿದಳು. ನಾನು ಹೇಳಿದೆ. ಅವಳು ಪುಸ್ತಕವನ್ನು ನನ್ನ ಕಡೆ ಸರಿಸಿದಳು. "ಅಂದ್ರೆ ನಮ್ಮನೆಯವ್ರು ಸತ್ತಿದಾರೆ ಅಂತ."

"ಹಂಗಲ್ಲಮ್ಮ. ಯಾವತ್ತಿಂದ ಸತ್ತಿದಾರೆ ಅಂತ ಭಾವಿಸ್ಬೇಕು ಅಂತ."

"ಆ ಮಾತನ್ನ ಪುರಸಭೆಯವ್ರೂ ಹೇಳ್ತಾರೆ, ಅದಕ್ಕೆ ನಿಮ್ಮ ಪುಸ್ತಕ ಯಾಕೆ?" ಎಂದು ಸೆರಗು ಜಾಡಿಸಿ ಎದ್ದಳು. ಅವಳ ಕಷ್ಟ ಇಷ್ಟು: ಮಳಿಗೆಯ ಪರವಾನಗಿಯನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು, ಈ ತಿಂಗಳ ಕೊನೆಗೆ ಗಡುವು. ಪರಮೇಶಿಯ ಸಹಿ ಬೇಕು, ಇಲ್ಲವೇ ಪರಮೇಶಿ ಸತ್ತ ಕಾಗದ ಬೇಕು. ಎರಡೂ ಇಲ್ಲದಿದ್ದರೆ ಮಳಿಗೆ ಬೇರೆಯವರ ಪಾಲು. ಪುರಸಭೆಯ ಮುಖ್ಯಾಧಿಕಾರಿ ಕೆಟ್ಟವರೇನಲ್ಲ. "ತೀರ್ಕೊಂಡಿದಾರೆ ಅಂತ ಒಂದು ಮಾತು ಬರ್ಕೊಡಮ್ಮ, ಮಧ್ಯಾಹ್ನದೊಳಗೆ ನಿನ್ ಹೆಸರಿಗೆ ಮಾಡಿಸ್ಕೊಡ್ತೀನಿ," ಎಂದಿದ್ದರಂತೆ. ಇವಳು ಒಪ್ಪಲಿಲ್ಲ. "ನಾಳೆ ಅವ್ರು ಬಂದು ಬಾಗ್ಲಲ್ಲಿ ನಿಂತ್ರೆ ಏನಂತ ಹೇಳ್ಲಿ? ಅಂಗಡಿ ಉಳಿಸ್ಕೊಳ್ಳೋಕೆ ನಿಮ್ಮನ್ನ ಸಾಯಿಸ್ಬಿಟ್ಟೆ ಅನ್ಲಾ?" ಎಂದು ನನ್ನನ್ನೇ ಕೇಳಿ ಹೊರಟುಹೋದಳು.

ನನಗೆ ಬಂದದ್ದು ಸಿಟ್ಟು. ಎಂಥ ಹಟಮಾರಿ! ಇಷ್ಟು ಸರಿಯಾದ ಕಷ್ಟ ಇಟ್ಟುಕೊಂಡು ನನ್ನ ಪುಸ್ತಕಕ್ಕೆ ದಕ್ಕದೆ ಹೋದಳಲ್ಲ ಎಂದು. ಮಾರನೆಯ ದಿನ ಪಾಠ ಮುಗಿಸಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಅವಳ ಅಂಗಡಿಗೆ ಹೋದೆ. ಅವಳಿಗೆ ನೆರವಾಗಲು ಹೋದೆ ಎಂದು ನೀವು ತಿಳಿದರೆ ತಪ್ಪು. ಲೈಬ್ರರಿಯಲ್ಲಿ ಗಾಬರಿಯಾಗಿದ್ದಿರಬಹುದು, ಅಂಗಡಿಯಲ್ಲಿ ಕೂತು ಹಿಡಿದರೆ ತೆರೆಯಬಹುದು ಎಂಬ ದುರಾಸೆ.

ಅವಳು ನೆಲದ ಮೇಲೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದಳು, ತುಟಿ ಅಲುಗುತ್ತಿತ್ತು. "ಜಯಶೀಲಾ," ಎಂದೆ. ಅವಳ ಕೈ ನಿಂತಿತು. "ಅಯ್ಯೋ, ಸುತ್ತಿನ ಲೆಕ್ಕ ತಪ್ಪಿಸ್ಬಿಟ್ರಲ್ಲ ಮೇಡಂ!" ಎಂದು ಅಷ್ಟನ್ನೂ ಬಿಚ್ಚಿ ಮೊದಲಿನಿಂದ ಸುತ್ತತೊಡಗಿದಳು. ತಪ್ಪಿತಸ್ಥಳ ಹಾಗೆ ತೆಪ್ಪಗೆ ಕೂತೆ. ಪುಸ್ತಕ ತೆಗೆಯಲು ಧೈರ್ಯ ಬರಲಿಲ್ಲ. ಒಂದು ಗಂಟೆಯಾದ ಮೇಲೆ ಅವಳು ಮೋಟಾರನ್ನು ಮುಚ್ಚಿ, ಹಸಿರು ಬಣ್ಣದಲ್ಲಿ ಕುಂಚ ಅದ್ದಿ, ಅದರ ಮೈಮೇಲೆ 'ಪ' ಎಂದು ಬರೆದಳು. ಪರಮೇಶಿ ಮಾಡುತ್ತಿದ್ದ ಗುರುತು. "ಈಗ ಕೆಲಸ ನಿಂದಲ್ವಾ, ನಿನ್ನ ಅಕ್ಷರ ಬರೀಬಾರ್ದಾ?" ಎಂದೆ. ಅವಳು ಕುಂಚ ಒರೆಸುತ್ತಾ, "ಎಲ್ಲೋ ದಾರೀಲಿ ಹೋಗ್ತಾ ತೋಟದಲ್ಲೋ ಗದ್ದೇಲೋ ಈ ಮೋಟಾರ್ ಕಣ್ಣಿಗೆ ಬಿತ್ತು ಅಂತಿಟ್ಕೊಳ್ಳಿ. ಅಂಗಡಿ ಇನ್ನೂ ಇದೆ ಅಂತ ಗೊತ್ತಾಗುತ್ತಲ್ವಾ ಅವ್ರಿಗೆ?" ಎಂದಳು. ಏಳು ವರ್ಷದಿಂದ ಸುತ್ತಮುತ್ತಲ ಎಷ್ಟು ಬಾವಿಗಳಿಗೆ ಆ ಅಕ್ಷರ ಇಳಿದಿದೆಯೋ!

ನಾನೂರ ಹನ್ನೆರಡು ಪುಟದಲ್ಲಿ ಈ ಹೆಂಗಸು ಎಲ್ಲಿದ್ದಳು ಎಂದು ಮನಸ್ಸಿನಲ್ಲೇ ಹುಡುಕಿದೆ. 'ಅರ್ಜಿದಾರಳು' ಎಂದು ಅಲ್ಲಲ್ಲಿ ಬರೆದಿದ್ದೆ. ಅಷ್ಟೇ. ಕಾದಿರುವವಳು ಸತ್ತ ದಿನಾಂಕವನ್ನೇ ಕೇಳಲು ಬರುತ್ತಾಳೆ ಎಂದು ನನಗೆ ಹೇಳಿದವರಾರು? ಯಾರೂ ಇಲ್ಲ. ನಾನು ಒಬ್ಬಳನ್ನೂ ಕೇಳಿರಲಿಲ್ಲ. ಆರು ವರ್ಷ ತೀರ್ಪುಗಳನ್ನು ಓದಿದ್ದೆ. ತೀರ್ಪಿನಾಚೆ ನಿಂತವರ ಮನೆಗೆ ಹೋದದ್ದೆಲ್ಲ ಬರೆದು ಮುಗಿಸಿದ ಮೇಲೆ, ಅದೂ ಪುಸ್ತಕ ತೆರೆಸಲು. "ನಿನಗೆ ನಿಜವಾಗ್ಲೂ ಏನು ಬೇಕು ಹೇಳಮ್ಮ," ಎಂದೆ.

"ಅವ್ರನ್ನ ಸಾಯಿಸ್ದೆ, ಅವ್ರು ಬರೋವರ್ಗೂ ನಾನು ಸಹಿ ಹಾಕೋ ಹಂಗೆ ಏನಾದ್ರೂ ಕಾನೂನು ಇದ್ರೆ ನೋಡಿ. ಇಲ್ದಿದ್ರೆ ಬಿಡಿ ಮೇಡಂ, ಮಳಿಗೆ ಹೋಗುತ್ತೆ, ಮನೆ ಮುಂದೆ ಗೋಣಿತಾಟು ಹಾಸ್ಕೊಂಡು ಸುತ್ತುತೀನಿ. ಆದ್ರೆ ಅವ್ರು ಬಂದ್ರೆ ಇಲ್ಲಿಗೇ ಬರೋದು."

ಗಡುವಿಗೆ ಹದಿನೆಂಟು ದಿನ ಉಳಿದಿತ್ತು. ಕಾಲೇಜಿಗೆ ರಜೆ ಹಾಕಿದೆ. ಮೊದಲು ದೊಡ್ಡ ದೊಡ್ಡ ಕಾನೂನಿನ ಪುಸ್ತಕಗಳನ್ನೆಲ್ಲ ಜಾಲಾಡಿದೆ. ಅಲ್ಲೆಲ್ಲ ಮನುಷ್ಯ ಇರುತ್ತಾನೆ, ಇಲ್ಲವೇ ಸತ್ತಿರುತ್ತಾನೆ. ನಡುವೆ ಒಂದು ಕುರ್ಚಿಯೂ ಇಲ್ಲ. ಆರನೆಯ ದಿನ ಕೈ ಚೆಲ್ಲಿ ಕೂತೆ. ಏಳನೆಯ ದಿನ ಪುರಸಭೆಯ ಗುಮಾಸ್ತ ತಿಮ್ಮರಸುವನ್ನು ಕಾಡಿ ಬೇಡಿ, ಮಳಿಗೆಗಳನ್ನು ಕಟ್ಟಿದ ಕಾಲದ ನಿಯಮಗಳಿದ್ದ ಹಿಂದಿನ ಕೋಣೆಗೆ ನುಗ್ಗಿದೆ. "ಅಲ್ಲಿ ಜಿರಳೆ ಬಿಟ್ರೆ ಏನಿಲ್ಲ ಮೇಡಂ," ಎಂದ. ಜಿರಳೆಯೂ ಇತ್ತು, ಇದೂ ಇತ್ತು: 'ಮಳಿಗೆದಾರನು ಯಾತ್ರೆಗೆ ಹೋದಲ್ಲಿ, ಅವನ ಮಳಿಗೆಯಲ್ಲಿ ಕುಳಿತು ಕಸುಬು ನಡೆಸುವವರು, ಅವನು ಬರುವವರೆಗೆ, ಅವನ ಪರವಾಗಿ ಸಹಿ ಮಾಡತಕ್ಕದ್ದು.' ಆ ಕಾಲದಲ್ಲಿ ಕಾಶಿಗೆ ನಡೆದುಕೊಂಡು ಹೋಗುತ್ತಿದ್ದರು. ಹೋದವರು ಬರುವ ದಿನ ಹೇಳಿ ಹೋಗುತ್ತಿರಲಿಲ್ಲ, ಆದ್ದರಿಂದ ನಿಯಮವೂ ದಿನ ಹೇಳಿರಲಿಲ್ಲ. ಅದನ್ನು ರದ್ದು ಮಾಡಿದ ಕಾಗದಕ್ಕಾಗಿ ಮತ್ತೆರಡು ದಿನ ಹುಡುಕಿದೆ. ಇರಲಿಲ್ಲ! ಕೋಣೆಯಲ್ಲೇ ಕುಣಿದುಬಿಟ್ಟೆ, ತಿಮ್ಮರಸು ಹಾವು ಬಂತೇನೋ ಎಂದು ಓಡಿ ಬಂದ.

ಮಿಕ್ಕ ದಿನಗಳಲ್ಲಿ ಮೂವತ್ತೊಂದು ಪುಟ ಬರೆದೆ. ಹೋದವನು ಹೋಗುವ ಮುನ್ನ ಯಾತ್ರೆಗೇ ಎಂದು ಹೇಳಿ ಹೋಗಬೇಕೆಂದು ನಿಯಮದಲ್ಲಿ ಎಲ್ಲಿಯೂ ಇಲ್ಲ ಎಂಬುದು ನನ್ನ ವಾದ. ವಾಮನರಾಯರು ಬಿಡಿ ಹಾಳೆಗಳನ್ನು ತಿರುವಿ ಮೂಗು ಮುರಿದರು. "ಆರನೇ ನಂಬರ್ ಮಳಿಗೆ ಮೇಲೆ ಸಂಶೋಧನೆನಾ ಕಾತ್ಯಾಯಿನಿ? ಇದು ಅರ್ಜಿ ಬರೆಯೋರ ಕೆಲಸ. ನಗ್ತಾರೆ ಕಣ್ರಿ."

"ನಗ್ಲಿ ರಾಯರೇ. ನಿಮ್ಮ ಹಡಗು ಬರ್ಲಿ, ಎಲ್ಲರೂ ಒಟ್ಟಿಗೇ ನಗೋಣ," ಎಂದೆ. ಅಷ್ಟು ಅಂದಿದ್ದಕ್ಕೆ ಆಮೇಲೆ ಬೇಸರವಾಯಿತು. ಅವರ ಆಸೆ ನನ್ನ ಆಸೆಗಿಂತ ಬೇರೆಯೇನಲ್ಲ.

ದಿನವೂ ಸಂಜೆ ಬರೆದಷ್ಟನ್ನು ಅಂಗಡಿಗೆ ಒಯ್ದು ಜಯಶೀಲಳಿಗೆ ಓದಿ ಹೇಳುತ್ತಿದ್ದೆ. ಈಗ ಅವಳು ಸುತ್ತು ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿರುವುದು ಕಲಿತಿದ್ದೆ. "ಏನಿದು 'ಅನುಪಸ್ಥಿತ ವ್ಯಕ್ತಿ'? ಅವ್ರಿಗೆ ಹೆಸರಿಲ್ವಾ?" ಎಂದಳು. ಪರಮೇಶಿ ಎಂದು ತಿದ್ದಿದೆ. "ಇದೊಂದು ಸಾಲು ನಂಗೆ ಅರ್ಥ ಆಗ್ಲಿಲ್ಲ," ಎಂದಳು. ಮತ್ತೆ ಓದಿ ನೋಡಿದರೆ ನನಗೂ ಅರ್ಥವಾಗಲಿಲ್ಲ. ಹೊಡೆದು ಹಾಕಿದೆ. ಯಾವಾಗಿನಿಂದಲೋ ಅವಳು ನನ್ನನ್ನು ಮೇಡಂ ಅನ್ನುವುದು ಬಿಟ್ಟು ಅಕ್ಕ ಅನ್ನತೊಡಗಿದ್ದಳು. ಕೊನೆಯ ದಿನದ ಹಿಂದಿನ ದಿನ ಹಾಳೆಗಳನ್ನು ಬೈಂಡಿಂಗಿಗೆ ಕೊಟ್ಟೆ. ಈ ಸಲ ಸವರಲಿಲ್ಲ. ಇದೂ ತೆರೆಯದಿದ್ದರೆ ಹೋಗುವುದು ನನ್ನ ಮಾನವಲ್ಲ, ಅವಳ ಮಳಿಗೆ.

ಮರುದಿನ ಹನ್ನೊಂದು ಗಂಟೆಗೆ ಮುಖ್ಯಾಧಿಕಾರಿಯ ಕೋಣೆಯಲ್ಲಿ ನಾವು ನಾಲ್ವರಿದ್ದೆವು: ಅವರು, ತಿಮ್ಮರಸು, ಜಯಶೀಲ, ನಾನು. ತೆಳ್ಳನೆಯ ಪುಸ್ತಕವನ್ನು ಅವಳ ಕೈಗೆ ಕೊಟ್ಟು ನಾನು ಗೋಡೆ ಹಿಡಿದು ನಿಂತೆ. ಪಟ್ ಎಂದಿತು. ಅವಳ ಅಂಗೈಯಲ್ಲಿ ಅದು ಹಾಯಾಗಿ ಬಿಚ್ಚಿಕೊಂಡಿತು. ಹತ್ತು ವರ್ಷಕ್ಕೆ ಮೊದಲ ಸಲ ಬೈಂಡ್ ಆದ ನನ್ನ ಅಕ್ಷರಗಳನ್ನು ನೋಡಿದೆ, ಎದುರಿಗೆ ನಿಂತಿದ್ದರಿಂದ ತಲೆಕೆಳಗಾಗಿ. ಕಣ್ಣು ತುಂಬಿ ಅದೂ ಸರಿಯಾಗಿ ಕಾಣಲಿಲ್ಲ. ಮುಖ್ಯಾಧಿಕಾರಿ, "ಕೊಡಿ ಇಲ್ಲಿ," ಎಂದು ಕೈ ಚಾಚಿ ತೆಗೆದುಕೊಂಡರೆ ಮುಚ್ಚಿಕೊಂಡಿತು. ಅವಳಿಗೆ ಮರಳಿಸಿದರೆ ತೆರೆಯಿತು. "ಸರಿ, ನೀನೇ ಓದಮ್ಮ," ಎಂದರು. ಅವಳು ನಿಂತುಕೊಂಡೇ ಮೂವತ್ತೊಂದು ಪುಟವನ್ನೂ ಓದಿದಳು. ಅಡಿಟಿಪ್ಪಣಿ ಬಂದಾಗ, "ಇದು ಅಕ್ಕನ ಸಮಾಧಾನಕ್ಕೆ ಬರ್ದಿರೋದು ಸಾರ್," ಎಂದು ದಾಟಿಸಿಕೊಂಡು ಹೋದಳು. 'ಅವನು ಬರುವವರೆಗೆ' ಎಂಬಲ್ಲಿಗೆ ಬಂದಾಗಲೆಲ್ಲ ದನಿ ಸ್ವಲ್ಪ ನಿಲ್ಲುತ್ತಿತ್ತು.

ಮುಖ್ಯಾಧಿಕಾರಿ ಪೇಪರ್‌ವೆಯ್ಟ್ ಸರಿಸಿ ಪರವಾನಗಿಯ ಕಡತ ಬಿಚ್ಚಿದರು. ಆಮೇಲೆ, "ನಿಯಮ ಇದೆ ಅಂದ್ಮೇಲೆ ಇದೆ. ಆದ್ರೆ ಹತ್ತು ವರ್ಷಕ್ಕೆ ಕೊಡಕ್ಕಾಗಲ್ಲ. ವರ್ಷ ವರ್ಷ ಇದೇ ದಿನ ಬಂದು ನನ್ನ ಮುಂದೆ ಪುಸ್ತಕ ತೆಗೀಬೇಕು. ತೆರೆದ್ರೆ ಇನ್ನೊಂದು ವರ್ಷ. ತೆರೀಲಿಲ್ಲ ಅಂದ್ರೆ..." ಎಂದು ನಿಲ್ಲಿಸಿದರು. "ತೆರೀಲಿಲ್ಲ ಅಂದ್ರೆ ಅವ್ರು ಬಂದಿದಾರೆ ಅಂತ," ಎಂದಳು ಜಯಶೀಲ. ಇನ್ನೊಂದು ಅರ್ಥವೂ ಇತ್ತು: ಇವಳಿಗೆ ಕಾಯುವುದು ಸಾಕಾಗಿದೆ ಎಂದು. ಅದನ್ನು ಕೋಣೆಯಲ್ಲಿ ಯಾರೂ ಆಡಲಿಲ್ಲ. ಅವಳು ದಪ್ಪ ಅಕ್ಷರದಲ್ಲಿ 'ಪರಮೇಶಿಯವರ ಪರವಾಗಿ, ಅವರು ಬರುವವರೆಗೆ, ಜಯಶೀಲ' ಎಂದು ಸಹಿ ಮಾಡಿದಳು.

ನನ್ನ ಸಂಭ್ರಮ ಏನು ಹೇಳಲಿ! ಮುಂದಿನ ಗುರುವಾರ ಪುಸ್ತಕವನ್ನು ಕಪಾಟಿನಲ್ಲಿಟ್ಟೆ. ಮಧ್ಯಾಹ್ನದೊಳಗೆ ಅದು ಹೋದವರ ಪರವಾಗಿ ಸಹಿ ಹಾಕಬೇಕಿದ್ದ ಇಬ್ಬರು ಹೆಂಗಸರಿಗೆ ತೆರೆಯಿತು. ಸಂಜೆ ಮಗನಿಗಾಗಿ ಕಾದಿದ್ದ ಒಬ್ಬ ಮುದುಕನಿಗೆ ತೆರೆಯಿತು. ಅದರ ಮುಂದಿನ ವಾರ ಒಂದೇ ದಿನ ಐದು ಜನ. ನಾನು ಪೇಡೆ ತಂದು ಎಲ್ಲರಿಗೂ ಹಂಚತೊಡಗಿದೆ. ಹನೀಫ್ ಸಾಹೇಬರು ಪೇಡೆಯನ್ನು ಕೈಯಲ್ಲೇ ಹಿಡಿದುಕೊಂಡು ಸಾಲಿನ ಕಡೆ ನೋಡಿ, "ಯಾವ ಸಂತೋಷಕ್ಕೆ ಮೇಡಂ ಇದು?" ಎಂದರು. ಅಲ್ಲಿಯವರೆಗೆ ನಾನು ಎಣಿಸಿರಲೇ ಇಲ್ಲ, ನಮ್ಮೂರಲ್ಲಿ ಇಷ್ಟು ಜನ ಬಾಗಿಲ ಕಡೆ ಕಿವಿಯಿಟ್ಟು ಮಲಗುತ್ತಾರೆಂದು. ಪೇಡೆಯ ಡಬ್ಬಿಯನ್ನು ಮುಚ್ಚಿ ಮನೆಗೆ ತೆಗೆದುಕೊಂಡು ಹೋದೆ. ಪುಸ್ತಕ ಅಷ್ಟು ಸಲ ತೆರೆದರೂ ಗುಲ್ನಾಜ್ ಯಾಕೆ ಸಿಹಿ ಹಂಚಲಿಲ್ಲ ಎಂಬುದು ಅಂದು ತಿಳಿಯಿತು.

ಈಗ ನಾಲ್ಕು ವರ್ಷವಾಗಿದೆ. ಪ್ರತಿ ವರ್ಷ ಆ ದಿನ ಜಯಶೀಲಳ ಜೊತೆ ನಾನೂ ಹೋಗುತ್ತೇನೆ. ಹಿಂದೊಮ್ಮೆ ಪುಸ್ತಕ ತೆರೆಯಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡವಳು, ಈಗ ಆ ಕೋಣೆಯ ಗೋಡೆಗೆ ಒರಗಿ, ಈ ಸಲ ತೆರೆಯದಿರಲಿ, ದೇವರೇ, ಇವಳ ಕೈಯಲ್ಲಿ ಇದು ಕಲ್ಲಿನ ಹಾಗೆ ಕೂತುಬಿಡಲಿ, ನಾವು ಅಂಗಡಿಗೆ ಓಡಿಹೋಗಿ ನೋಡುವ ಹಾಗಾಗಲಿ ಎಂದು ಬೇಡಿಕೊಳ್ಳುತ್ತೇನೆ. ಮೊನ್ನೆಯೂ ಹಾಗೆಯೇ ನಿಂತಿದ್ದೆ. ಮುಖ್ಯಾಧಿಕಾರಿ ತಲೆಯಾಡಿಸಿದರು. ಜಯಶೀಲ ಕಪ್ಪಾದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕ ಎತ್ತಿಕೊಂಡಳು. ಒಂದು ಗಳಿಗೆ ಏನೂ ಆಗಲಿಲ್ಲ. ಅವಳು ತಿರುಗಿ ನನ್ನ ಮುಖ ನೋಡಿದಳು, ನಾನೂ ನೋಡಿದೆ. ಹೊರಗೆ ಯಾರೋ ಮೆಟ್ಟಿಲು ಹತ್ತುವ ಸದ್ದು ಕೇಳಿ ಇಬ್ಬರೂ ಬಾಗಿಲ ಕಡೆ ತಿರುಗಿದೆವು. ತಿಮ್ಮರಸು ಚಹಾ ತಂದಿದ್ದ. ಪುಸ್ತಕ ಪಟ್ ಎಂದು ತೆರೆದುಕೊಂಡಿತು, ಜಯಶೀಲ ಮೊದಲ ಪುಟದಿಂದ ಓದತೊಡಗಿದಳು.